ಪುಣ್ಯವು ನಾಣ್ಯವಲ್ಲ

ಮಲ್ಲಂದೂರಿನ ಸುತ್ತಣ ಕಾಫಿ ತೋಟಗಳಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಹೊರಗಣ ಕೆಲಸ ನಿಂತು ಮನೆಯೇ ಲೋಕವಾಗುತ್ತದೆ. ಹಿಂದೆ ಇಂಥ ದಿನಗಳಲ್ಲಿ ಹಿರಿಯರು ಪುರಾಣವನ್ನು ಓದುತ್ತಿದ್ದರು, ಕಿರಿಯರು ಚೆನ್ನೆಮಣೆಯ ಮುಂದೆ ಕೂಡುತ್ತಿದ್ದರು. ಈಗ ರಜೆಗೆಂದು ನಗರದಿಂದ ಬಂದ ಹುಡುಗನು ಗಣಕಯಂತ್ರದ ಮುಂದೆ ಕುಳಿತು ಮಧ್ಯಯುಗದ ಯುರೋಪನ್ನು ಆಳುತ್ತಾನೆ. ಅವನ ರಾಜ್ಯದ ಮೇಲೆ ರೋಮಿನ ಪೋಪರು ಮುನಿಯುತ್ತಾರೆ. ಹಿಂದೆ ನಿಂತು ನೋಡುತ್ತಿರುವ ಅಜ್ಜನು, "ಗುರುಗಳು ಮುನಿದರೆ ಏನು ಮಾಡುತ್ತೀಯಪ್ಪಾ?" ಎಂದು ಕೇಳಿದರೆ, "ಒಂದಿಷ್ಟು ಹೊನ್ನು ಕಳಿಸಿದರೆ ಸರಿಹೋಗುತ್ತಾರೆ ಅಜ್ಜಾ" ಎಂಬ ಉತ್ತರ ಬರುತ್ತದೆ. ಹುಡುಗನು ಸುಳ್ಳು ಹೇಳಿದವನಲ್ಲ. ಆಟದ ನಿಯಮವನ್ನು ಇದ್ದಂತೆ ಹೇಳಿದ್ದಾನೆ. ವಿಚಾರಿಸಬೇಕಾದುದು ಆ ನಿಯಮವನ್ನು.

ಇಂಥ ಆಟಗಳು ಇಂದು ಹಲವು. 2006ರಲ್ಲಿ ಬಂದ 'ಮೀಡೀವಲ್ ಟು: ಟೋಟಲ್ ವಾರ್' ಎಂಬುದರಲ್ಲಿ ಪ್ರತಿಯೊಂದು ಕ್ಯಾಥೊಲಿಕ್ ರಾಜ್ಯಕ್ಕೂ ಪೋಪರ ಕೃಪೆಯ ಅಳತೆಯೊಂದಿದೆ. ಚರ್ಚು ಕಟ್ಟಿಸಿದರೆ, ಉಡುಗೊರೆ ಕೊಟ್ಟರೆ ಅದು ಏರುತ್ತದೆ. ಸಹಧರ್ಮೀಯನ ಮೇಲೆ ದಂಡೆತ್ತಿದರೆ ಇಳಿಯುತ್ತದೆ. ತೀರ ಇಳಿದಾಗ ಬಹಿಷ್ಕಾರ ಬೀಳುತ್ತದೆ. ಬಹಿಷ್ಕೃತನಾದ ಆಟಗಾರನು ಹಂತಕನನ್ನು ಕಳುಹಿಸಿ ಪೋಪರನ್ನೇ ಮುಗಿಸಿ, ಹೊಸ ಪೋಪರು ಬಂದ ಮೇಲೆ ಶುದ್ಧನಾಗಿ ಮುಂದುವರಿಯಬಹುದು. 2012ರ 'ಕ್ರುಸೇಡರ್ ಕಿಂಗ್ಸ್ ಟು' ಮತ್ತು 2020ರಲ್ಲಿ ಬಂದ ಅದರ ಮುಂದಿನ ಆಟಗಳಲ್ಲಿ ಭಕ್ತಿಯೆಂಬುದು ಕೂಡಿಡುವ, ವೆಚ್ಚಮಾಡುವ ಸಂಪತ್ತು. ಸಾಕಷ್ಟು ಭಕ್ತಿಯನ್ನು ತೆತ್ತು ವೈರಿಗೆ ಬಹಿಷ್ಕಾರ ಹಾಕಿಸಬಹುದು, ಪೋಪರಿಂದ ಹೊನ್ನನ್ನೂ ಪಡೆಯಬಹುದು. 2014ರಲ್ಲಿ ಭಾರತದ ಅರಸರನ್ನು ಕುರಿತ ವಿಸ್ತರಣೆಯು ಬಂದು ಹಿಂದೂ, ಬೌದ್ಧ, ಜೈನ ದೊರೆಗಳೂ ಈ ಪಗಡೆಹಾಸಿನ ಮೇಲೆ ಬಂದು ನಿಂತರು. ಆದುದರಿಂದ ಇದು ದೂರದ ರೋಮಿನ ವಿಷಯವೆಂದು ಶ್ರಾವಕಕುಟುಂಬಗಳು ಸುಮ್ಮನಿರುವಂತಿಲ್ಲ.

ಆಟ ರಚಿಸಿದವರು ಅಜ್ಞರೆಂದು ಹೇಳುವುದು ಅನ್ಯಾಯ. ಬಿಷಪ್ಪರನ್ನು ನೇಮಿಸುವ ಹಕ್ಕು ಅರಸನದೋ ಪೋಪರದೋ ಎಂಬ ಹನ್ನೊಂದನೆಯ ಶತಮಾನದ ಮಹಾವಿವಾದವನ್ನು ಅವರು ಆಟದ ಕಾನೂನಾಗಿ ಅಳವಡಿಸಿದ್ದಾರೆ. ಕಾರ್ಡಿನಲ್ಲರು ಪೋಪರನ್ನು ಆರಿಸುವ ಪದ್ಧತಿಯನ್ನೂ ತೋರಿಸಿದ್ದಾರೆ. ಶಾಲೆಯ ಪಠ್ಯದಲ್ಲಿ ಒಂದು ಪುಟವೂ ಸಿಗದ ಸಂಗತಿಗಳನ್ನು ಮಕ್ಕಳು ಇಲ್ಲಿ ಕಲಿಯುತ್ತಾರೆಂಬುದು ನಿಜ. ದೋಷವಿರುವುದು ಮಾಹಿತಿಯಲ್ಲಲ್ಲ, ಮೂಲದೃಷ್ಟಿಯಲ್ಲಿ. ಧರ್ಮಗುರುವಿನ ಅಧಿಕಾರವೆಂದರೆ ಅರಸನ ಬೊಕ್ಕಸಕ್ಕೆ ಸೇರಿದ ಇನ್ನೊಂದು ಬಗೆಯ ನಾಣ್ಯ ಎಂಬುದೇ ಆ ದೃಷ್ಟಿ. ಇದು ಪೋಪರ ಚರಿತ್ರೆಗೂ ಅಪಚಾರ, ಧರ್ಮವೆಂಬ ಮಾತಿಗೂ ಅಪಚಾರ.

ಚರಿತ್ರೆಯನ್ನೇ ನೋಡೋಣ. ಏಳನೆಯ ಗ್ರೆಗರಿಯು 1076ರಲ್ಲಿ ಜರ್ಮನಿಯ ದೊರೆ ನಾಲ್ಕನೆಯ ಹೆನ್ರಿಯನ್ನು ಬಹಿಷ್ಕರಿಸಿದನು. ಸಾಮಂತರು ದೊರೆಯನ್ನು ಕೈಬಿಟ್ಟರು. ಅವರ ಸಭೆಯಲ್ಲಿ ಹೆನ್ರಿಯ ವಿಚಾರಣೆ ನಡೆಸಲೆಂದು ಪೋಪರು ಹೊರಟಿದ್ದರು; ಗೆಲುವು ಕೈಗೆ ಬಂದಂತೆಯೇ ಇತ್ತು. ಆಗ 1077ರ ಜನವರಿಯಲ್ಲಿ ಹೆನ್ರಿಯು ಹಿಮದಲ್ಲಿ ಆಲ್ಪ್ಸ್ ಪರ್ವತವನ್ನು ದಾಟಿ, ಕನೋಸಾ ಕೋಟೆಯ ಬಾಗಿಲಲ್ಲಿ ಮೂರು ದಿನ ಪಶ್ಚಾತ್ತಾಪಿಯ ವೇಷದಲ್ಲಿ ನಿಂತನು. ರಾಜಕಾರಣದ ಲೆಕ್ಕದಲ್ಲಿ ಅವನನ್ನು ಕ್ಷಮಿಸುವುದು ಮೂರ್ಖತನ. ಕ್ಷಮಿಸಿದರೆ ಜೊತೆಗಿದ್ದ ಸಾಮಂತರು ಮುನಿಯುವರು, ಶತ್ರು ಚೇತರಿಸಿಕೊಳ್ಳುವನು. ಆದರೂ ಪಶ್ಚಾತ್ತಾಪಪಟ್ಟು ಬಾಗಿಲಿಗೆ ಬಂದವನನ್ನು ಹಿಂದಟ್ಟುವುದು ಪುರೋಹಿತನಾದವನಿಗೆ ಸಲ್ಲದು. ಗ್ರೆಗರಿಯು ಕ್ಷಮಿಸಿದನು. ಹೆನ್ರಿಯು ಬಲಗೊಂಡನು; 1080ರಲ್ಲಿ ಮತ್ತೆ ಬಹಿಷ್ಕಾರ ಬಿದ್ದರೂ 1084ರಲ್ಲಿ ರೋಮನ್ನೇ ಹಿಡಿದನು. ಗ್ರೆಗರಿಯು ಮರುವರ್ಷ ಸಲೆರ್ನೊ ಪಟ್ಟಣದಲ್ಲಿ, ತನ್ನ ಪೀಠದಿಂದ ದೂರವಾಗಿ ಸತ್ತನು.

ಗೆಲ್ಲುವುದೇ ಗುರಿಯಾದ ಆಟದಲ್ಲಿ ಯಾವ ಪೋಪರೂ ಹೀಗೆ ಸೋಲುವುದಿಲ್ಲ. ತನ್ನ ಪದವಿಯ ಧರ್ಮವೇ ತನ್ನ ಪ್ರಯೋಜನಕ್ಕೆ ಅಡ್ಡ ನಿಂತಾಗ ಪ್ರಯೋಜನವನ್ನು ಬಿಡುವ ಮನುಷ್ಯನನ್ನು ಅಂಕೆಗಳ ಅಳತೆಯು ತೋರಿಸಲಾರದು. ಗ್ರೆಗರಿಯು ಸಂತನೋ ಅಧಿಕಾರಲೋಲುಪನೋ ಎಂಬ ಚರ್ಚೆ ಬೇರೆ. ಅರಸರನ್ನು ಪಟ್ಟದಿಂದ ಇಳಿಸುವ ಹಕ್ಕು ಪೋಪರಿಗಿದೆಯೆಂದು 1075ರಲ್ಲಿ ಬರೆಯಿಸಿದವನೂ ಅವನೇ. ಒಬ್ಬನಲ್ಲೇ ಎರಡೂ ಇದ್ದವು. ಒಂದೇ ನಯವನ್ನು ಹಿಡಿದು ಇದೇ ಪೂರ್ಣಸತ್ಯವೆನ್ನುವುದನ್ನು ಜೈನತರ್ಕವು ದುರ್ನಯವೆಂದು ಕರೆಯುತ್ತದೆ. ಪೋಪರನ್ನು ಕೇವಲ ಪವಿತ್ರರೆಂದು ತೋರಿಸುವುದು ಹೇಗೆ ದುರ್ನಯವೋ, ಕೇವಲ ವ್ಯಾಪಾರಿಯೆಂದು ತೋರಿಸುವುದೂ ಹಾಗೆಯೇ ದುರ್ನಯ.

ಇನ್ನು ಬಹಿಷ್ಕಾರದ ಫಲವನ್ನು ವಿಚಾರಿಸಬೇಕು. ಆಟದಲ್ಲಿ ಅದು ಅರಸನ ಮೇಲೆ ಬೀಳುವ ಒಂದು ದಂಡನೆ. ಮೂರನೆಯ ಇನ್ನೊಸೆಂಟನು ಜಾನ್ ದೊರೆಯ ಮೇಲಣ ಕೋಪದಿಂದ 1208ರಲ್ಲಿ ಇಂಗ್ಲೆಂಡಿನಾದ್ಯಂತ ಧರ್ಮಕಾರ್ಯಗಳನ್ನು ನಿಲ್ಲಿಸಿದನು. ಆರು ವರ್ಷಗಳ ಕಾಲ ಆ ನಾಡಿನಲ್ಲಿ ಚರ್ಚಿನ ಗಂಟೆಗಳು ಮೌನವಾಗಿದ್ದವು. ಹಳ್ಳಿಯ ರೈತನ ಶವಕ್ಕೆ ಚರ್ಚಿನ ಸಂಸ್ಕಾರ ದೊರೆಯದಾಯಿತು. ಜಾನನಾದರೋ ಚರ್ಚಿನ ಆಸ್ತಿಗೆ ಕೈಹಾಕಿ ಬೊಕ್ಕಸವನ್ನು ತುಂಬಿಕೊಂಡನು. ಕಡೆಗೆ 1213ರಲ್ಲಿ ಅವನು ಮಣಿದು ತನ್ನ ರಾಜ್ಯವನ್ನೇ ಪೋಪರಿಗೆ ಒಪ್ಪಿಸಿ, ವರ್ಷಕ್ಕೆ 1000 ಮಾರ್ಕು ಕಪ್ಪ ಕೊಡುವ ಸಾಮಂತನಾದನು. ಅರಸನೂ ಗುರುವೂ ರಾಜಿಯಾದರು. ಸಂಸ್ಕಾರವಿಲ್ಲದೆ ಮಣ್ಣಾದವರ ಮನೆಯವರಿಗೆ ಯಾರು ಏನು ಕೊಟ್ಟರು? ಪರರ ನೋವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಆಟವು ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಮನೆಯೊಳಗೆ ಬಂದಾಗ, ಈ ಪ್ರಶ್ನೆಯನ್ನು ಕೇಳದೆ ಬಿಡುವುದು ಕರ್ತವ್ಯಲೋಪ.

ಧರ್ಮಯುದ್ಧಗಳ ಮಾತೂ ಹೀಗೆಯೇ. ಆಟದಲ್ಲಿ ಪೋಪರು ಗುರಿಯನ್ನು ತೋರಿಸುತ್ತಾರೆ, ಸೈನ್ಯಗಳು ಹೊರಡುತ್ತವೆ. ಚರಿತ್ರೆಯಲ್ಲಿ ಅದೇ ಇನ್ನೊಸೆಂಟನು ಕರೆಕೊಟ್ಟ ನಾಲ್ಕನೆಯ ಧರ್ಮಯುದ್ಧದ ಸೈನ್ಯವು, ಅವನ ನಿಷೇಧವನ್ನು ಲೆಕ್ಕಿಸದೆ 1202ರಲ್ಲಿ ಝಾರಾ ಎಂಬ ಕ್ರೈಸ್ತ ಪಟ್ಟಣವನ್ನು ಮುತ್ತಿ, 1204ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರವನ್ನು ಸೂರೆಮಾಡಿತು. ಕತ್ತಿಯನ್ನು ಬಿಚ್ಚಿಸಿದ ಮಾತಿಗೆ ಕತ್ತಿಯನ್ನು ಒರೆಗೆ ಸೇರಿಸುವ ಶಕ್ತಿಯಿರಲಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಎರಡನೆಯ ಫ್ರೆಡರಿಕ್ ಚಕ್ರವರ್ತಿಯು ಹೇಳಿದ ಕಾಲಕ್ಕೆ ಯುದ್ಧಕ್ಕೆ ಹೋಗಲಿಲ್ಲವೆಂದು 1227ರಲ್ಲಿ ಬಹಿಷ್ಕೃತನಾದನು. ಬಹಿಷ್ಕೃತನಾಗಿಯೇ ಪೂರ್ವದೇಶಕ್ಕೆ ಹೋಗಿ, 1229ರಲ್ಲಿ ಈಜಿಪ್ಟಿನ ಸುಲ್ತಾನ ಅಲ್-ಕಾಮಿಲನೊಡನೆ ಒಪ್ಪಂದ ಮಾಡಿಕೊಂಡು, ಯುದ್ಧವಿಲ್ಲದೆ ಜೆರುಸಲೇಮನ್ನು ಪಡೆದನು. ಆ ಒಪ್ಪಂದಕ್ಕೆ ಪೋಪರ ಮೆಚ್ಚುಗೆ ಸಿಗಲಿಲ್ಲ; ಜೆರುಸಲೇಮಿನ ಪಿತೃಗುರುವು ಪಟ್ಟಣದ ಮೇಲೆಯೇ ಧಾರ್ಮಿಕ ನಿರ್ಬಂಧವನ್ನು ಹಾಕಿಸಿದನು. ಒಂದು ಜೀವವನ್ನೂ ರಣದಲ್ಲಿ ಬಲಿಕೊಡದ ಗೆಲುವು ಗುರುಪೀಠದ ಲೆಕ್ಕದಲ್ಲಿ ಅಪರಾಧವಾಯಿತು. ಈ ವಿಪರ್ಯಾಸವನ್ನು ಕಾಣಿಸದ ಆಟವು ಮಧ್ಯಯುಗವನ್ನು ಕಾಣಿಸಿದಂತಾಗಲಿಲ್ಲ.

"ಇವೆಲ್ಲ ಅನ್ಯಧರ್ಮೀಯರ ಹಗರಣ, ನಮ್ಮಲ್ಲಿ ಪೋಪರಿಲ್ಲ" ಎಂದು ಸಮಾಧಾನಪಟ್ಟುಕೊಳ್ಳುವ ಶ್ರಾವಕರುಂಟು. ಅವರು ಮಲ್ಲಂದೂರನ್ನು ಬಿಟ್ಟು ಬಹುದೂರ ಹೋಗಬೇಕಾಗಿಲ್ಲ. ಮೂಡಿಗೆರೆ ತಾಲೂಕಿನ ಅಂಗಡಿಯು ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು. ಅಲ್ಲಿಯ ಶಾಸನವೊಂದು, ದೊರೆ ವಿನಯಾದಿತ್ಯನ ಗುರುಗಳಾದ ಶಾಂತಿದೇವರು 1062ರಲ್ಲಿ ಸಮಾಧಿಮರಣವನ್ನು ಹೊಂದಿದುದನ್ನು ತಿಳಿಸುತ್ತದೆ. ಅರಸನೂ ಊರವರೂ ಕೂಡಿ ಅವರ ನೆನಪಿಗೆ ಕಲ್ಲು ನಿಲ್ಲಿಸಿದರು. ವಿನಯಾದಿತ್ಯನು ಆ ಗುರುವಿನ ಪಾದಸೇವೆಯಿಂದ ಐಶ್ವರ್ಯವನ್ನು ಪಡೆದನೆಂದು 1129ರ ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಹೇಳುತ್ತದೆ. ಮೇಲೆ ಹೇಳಿದ 'ಕ್ರುಸೇಡರ್ ಕಿಂಗ್ಸ್' ಆಟಗಳಲ್ಲಿ ಆಟಗಾರನು ಆರಂಭಕ್ಕೆ ಆರಿಸಿಕೊಳ್ಳಬಹುದಾದ ವರ್ಷಗಳಲ್ಲೊಂದು 1066. ಶಾಂತಿದೇವರು ತೀರಿಕೊಂಡು ಆಗ ನಾಲ್ಕೇ ವರ್ಷ. ಗ್ರೆಗರಿಯು ಪೀಠವೇರಲು ಇನ್ನು ಏಳು ವರ್ಷ. ಒಂದೇ ಕಾಲದ ಎರಡು ಗುರುಪದವಿಗಳು ಇವು.

ಇವೆರಡರ ಅಂತರವು ದೊಡ್ಡದು. ರೋಮಿನ ಗುರುವಿಗೆ ರಾಜ್ಯವಿತ್ತು, ನ್ಯಾಯಾಲಯವಿತ್ತು, ಕಂದಾಯವಿತ್ತು, ಅರಸನನ್ನು ಸಮಾಜದಿಂದ ಹೊರಗಿಡುವ ಆಜ್ಞೆಯಿತ್ತು. ದಿಗಂಬರ ಮುನಿಗೆ ಪಿಂಛ ಕಮಂಡಲುಗಳಲ್ಲದೆ ಏನೂ ಇಲ್ಲ. ಅವನು ಯಾರ ಪಾಪವನ್ನೂ ಕ್ಷಮಿಸಲಾರನು. ಒಬ್ಬನ ಕರ್ಮವನ್ನು ಇನ್ನೊಬ್ಬನು ಕಳೆಯುವುದು ಜಿನಮತದಲ್ಲಿ ಅಸಂಭವ. ಯಾವ ಜೀವವನ್ನೂ ಮೋಕ್ಷಮಾರ್ಗದಿಂದ ಬಹಿಷ್ಕರಿಸಲಾರನು. ಅರಸನು ಅವನ ಮುಂದೆ ತಲೆಬಾಗಿದ್ದು ಅವನು ಕೊಡಬಹುದಾದುದಕ್ಕಾಗಿ ಅಲ್ಲ, ಬಿಟ್ಟುದಕ್ಕಾಗಿ. ಇಂಥ ಅಧಿಕಾರವನ್ನು ಯಾವ ಅಂಕದಿಂದ ಅಳೆಯಬೇಕು? ಕೂಡಿಟ್ಟಷ್ಟೂ ಬೆಳೆಯುವ ಸಂಪತ್ತಿನ ಪಟ್ಟಿಯಲ್ಲಿ ಅಪರಿಗ್ರಹಕ್ಕೆ ಸ್ಥಳವೇ ಇಲ್ಲ.

ಆದರೆ ಇಲ್ಲಿಗೇ ನಿಂತರೆ ಅದೂ ಏಕಾಂತವಾದೀತು. ಜೈನಸಮಾಜವು ಮುನಿಗಳನ್ನು ಮಾತ್ರವಲ್ಲ, ಭಟ್ಟಾರಕ ಪೀಠಗಳನ್ನೂ ಕಂಡಿದೆ. ಹೊಂಬುಜದಿಂದ ಹೊರಟು ಕಳಸದಲ್ಲಿ ನೆಲೆಸಿ, ಮುಂದೆ ಕಾರ್ಕಳವನ್ನು ಆಳಿದ ಸಾಂತರ ವಂಶದ ಭೈರರಸರ ಚರಿತ್ರೆಯೇ ಇದಕ್ಕೆ ಸಾಕ್ಷಿ. 1432ರಲ್ಲಿ ವೀರಪಾಂಡ್ಯನು ಕಾರ್ಕಳದ ಬಾಹುಬಲಿಯನ್ನು ನಿಲ್ಲಿಸಿದ್ದು ಪನಸೋಗೆಯ ಲಲಿತಕೀರ್ತಿಗಳ ಉಪದೇಶದಿಂದ. 1586ರಲ್ಲಿ ಇಮ್ಮಡಿ ಭೈರರಸನು ಚತುರ್ಮುಖ ಬಸದಿಯನ್ನು ಕಟ್ಟಿಸಿದ್ದು ಅದೇ ಹೆಸರಿನ ಪೀಠಾಧಿಪತಿಗಳ ಪ್ರೇರಣೆಯಿಂದ. ಈ ಬಸದಿಯ ಬಗೆಗೆ ಕಾರ್ಕಳದಲ್ಲಿ ಒಂದು ಐತಿಹ್ಯವುಂಟು. ಅರಸನು ಶೃಂಗೇರಿಯ ಗುರುಗಳನ್ನು ಬರಮಾಡಿಕೊಂಡು, ಜಿನರಿಗಾಗಿ ಕಟ್ಟಿಸಿದ್ದ ಗುಡಿಯನ್ನು ಅನಂತಶಯನನ ಪ್ರತಿಷ್ಠೆಗೆ ಬಿಟ್ಟುಕೊಟ್ಟನೆಂದೂ, ಜೈನಗುರುಗಳು ಮುನಿದಾಗ ಅದಕ್ಕಿಂತ ಹಿರಿದಾದ ಬಸದಿಯನ್ನು ಕಟ್ಟಿಸಿಕೊಡುವೆನೆಂದು ಮಾತುಕೊಟ್ಟನೆಂದೂ ಹೇಳುತ್ತಾರೆ. ಐತಿಹ್ಯದ ವಿವರಗಳು ಹೇಗೇ ಇರಲಿ, ಅರಸನು ಇಬ್ಬರು ಗುರುಗಳ ನಡುವೆ ನಿಂತ ಇಕ್ಕಟ್ಟನ್ನು ಜನರು ನೆನಪಿಟ್ಟುಕೊಂಡಿದ್ದಾರೆ. ಗುರುವಿಗೆ ಪೀಠವಿದ್ದ ಮೇಲೆ ಮಾನವೂ ಇರುತ್ತದೆ, ಮುನಿಸೂ ಇರುತ್ತದೆ. ಅರಸನ ದತ್ತಿಯ ಮೇಲೆ ನಿಂತ ಪೀಠವು ಅರಸನಿಗೆ ಬುದ್ಧಿ ಹೇಳುವ ಬಲವನ್ನು ಎಷ್ಟು ಉಳಿಸಿಕೊಂಡೀತು ಎಂಬ ಪ್ರಶ್ನೆ ರೋಮಿಗೆ ಹೇಗೋ ಕಾರ್ಕಳಕ್ಕೂ ಹಾಗೆಯೇ ಸಲ್ಲುತ್ತದೆ. ಹದಿನೇಳನೆಯ ಶತಮಾನದಲ್ಲಿ ಆಗ್ರಾದ ಬನಾರಸೀದಾಸರ ಅಧ್ಯಾತ್ಮ ಚಳವಳಿಯಿಂದ ಮೊದಲ್ಗೊಂಡು ಉತ್ತರದೇಶದ ದಿಗಂಬರ ಶ್ರಾವಕರು ಈ ಪ್ರಶ್ನೆಯನ್ನೆತ್ತಿ, ಅನೇಕರು ಭಟ್ಟಾರಕರ ಅಧಿಕಾರವನ್ನೇ ನಿರಾಕರಿಸಿದರು.

ಅದೇ ಭೈರರಸರು ಕಳಸದ ಕಲಶೇಶ್ವರನ ಗುಡಿಗೂ ದತ್ತಿ ಬಿಟ್ಟರು. ಜಿನಭಕ್ತರಾದ ಅರಸರು ಶಿವಾಲಯವನ್ನು ಪೋಷಿಸಿದುದು ತಮ್ಮ ಮತದಲ್ಲಿ ನಂಬಿಕೆ ಸಡಿಲವಾದುದರಿಂದ ಅಲ್ಲ. ಪ್ರಜೆಯ ದೇವರನ್ನು ಕಾಯುವುದೂ ರಾಜಧರ್ಮವೆಂದು ತಿಳಿದುದರಿಂದ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ವಿಜಯನಗರದ ಬುಕ್ಕರಾಯನು ಯಾರನ್ನೂ ಬಹಿಷ್ಕರಿಸಲಿಲ್ಲ. ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟನು. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣವನ್ನು ಎತ್ತಿ, ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ಇರಿಸಿ, ಉಳಿದ ಹಣದಿಂದ ಜೀರ್ಣ ಜಿನಾಲಯಗಳನ್ನು ಸರಿಪಡಿಸುವ ಹೊಣೆಯನ್ನು ತಿರುಮಲೆಯ ತಾತಯ್ಯನಿಗೆ, ಅಂದರೆ ಎದುರು ಪಕ್ಷದವನಿಗೇ, ಒಪ್ಪಿಸಿದನು. ಹತ್ತು ವರ್ಷ ಕಳೆಯುವಷ್ಟರಲ್ಲಿ, 1378ರಲ್ಲಿ, ಯುರೋಪು ಪರಸ್ಪರ ಬಹಿಷ್ಕರಿಸುವ ಇಬ್ಬರು ಪೋಪರನ್ನು ಕಂಡಿತು. 1409ರಲ್ಲಿ ಅವರು ಮೂವರಾದರು. ಯಾರು ಹೆಚ್ಚು ಯಾರು ಕಡಿಮೆ ಎಂದು ಬೀಗುವುದಕ್ಕಾಗಿ ಇದನ್ನು ಹೇಳುವುದಲ್ಲ. ಗೆಲುವು ಸೋಲುಗಳಿಲ್ಲದ ತೀರ್ಪೂ ಚರಿತ್ರೆಯಲ್ಲಿ ಉಂಟು, ಗೆದ್ದವನನ್ನು ಮಾತ್ರ ಎಣಿಸುವ ಆಟಕ್ಕೆ ಅದು ಕಾಣುವುದಿಲ್ಲ ಎಂಬುದಷ್ಟೇ ಇಲ್ಲಿಯ ಮಾತು.

ಇದಕ್ಕೆ ಬರುವ ಆಕ್ಷೇಪಣೆಯೊಂದಿದೆ. "ಆಟವೆಂದ ಮೇಲೆ ಎಣಿಕೆ ಬೇಡವೆ? ಎಣಿಸದೆ ಆಡುವುದು ಹೇಗೆ?" ಎಂಬುದು ಆ ಆಕ್ಷೇಪಣೆ. ಉತ್ತರವು ಜೈನರ ಮನೆಯಲ್ಲಿಯೇ ಇತ್ತು. ಇಂದಿನ ಹಾವು-ಏಣಿಯಾಟಕ್ಕೆ ಮೂಲವಾದ ಜ್ಞಾನಚೌಪಡದ ಜೈನ ಪಟಗಳು ಗುಜರಾತ, ರಾಜಸ್ಥಾನಗಳಲ್ಲಿ ಬಳಕೆಯಲ್ಲಿದ್ದವು. ಅವುಗಳಲ್ಲಿಯೂ ಮನೆಗಳನ್ನು ಎಣಿಸಬೇಕು. ಸದ್ಗುಣದ ಮನೆಯಿಂದ ಏಣಿ ಮೇಲಕ್ಕೆ ಒಯ್ಯುತ್ತದೆ, ದುರ್ಗುಣದ ಮನೆಯಿಂದ ಹಾವು ಕೆಳಕ್ಕೆ ನುಂಗುತ್ತದೆ. ಆದರೆ ಅಲ್ಲಿ ಪುಣ್ಯವನ್ನು ತೆತ್ತು ಬೇರೊಬ್ಬನನ್ನು ಕೆಡವುವ ದಾರಿಯಿಲ್ಲ. ಹಾವಿಗೆ ಹೊನ್ನು ಕೊಟ್ಟು ಒಲಿಸಿಕೊಳ್ಳುವಂತಿಲ್ಲ. ದಾಳವೇ ಎಲ್ಲವನ್ನೂ ನಿರ್ಧರಿಸುವುದು, ಪುರುಷಾರ್ಥಕ್ಕೆ ಎಡೆಯಿಲ್ಲದಿರುವುದು ಆ ಆಟದ ಕೊರತೆಯೆಂದು ಒಪ್ಪಬಹುದು. ಆದರೂ ಎಣಿಕೆಯೇ ದೋಷವಲ್ಲ, ಎಣಿಸಿದ್ದನ್ನು ಮಾರಾಟಕ್ಕಿಡುವುದು ದೋಷ ಎಂಬುದು ಅದರಿಂದ ಸ್ಪಷ್ಟ.

ಹಾಗಾದರೆ ಪೋಪರನ್ನು ಹೇಗೆ ಚಿತ್ರಿಸಬೇಕಿತ್ತು? ಗುರುವು ತನಗೆ ನಷ್ಟವಾದರೂ ಕ್ಷಮಿಸಬೇಕಾಗುವ ಸಂದರ್ಭ ಆಟದಲ್ಲಿರಲಿ. ಉಡುಗೊರೆಯನ್ನು ತಿರಸ್ಕರಿಸುವ ಪೋಪರೂ ಇರಲಿ, ಅದಕ್ಕೆ ಮಾರುಹೋಗುವವರೂ ಇರಲಿ. ಬಹಿಷ್ಕಾರದ ಭಾರವು ಹಳ್ಳಿಯ ಮೇಲೆ ಬಿದ್ದು, ಅರಸನು ಸತ್ತ ಮೇಲೂ ಅದರ ಕಹಿ ಉಳಿಯಲಿ. ಧರ್ಮಯುದ್ಧಕ್ಕೆ ಕರೆಕೊಟ್ಟವನಿಗೆ ಅದನ್ನು ನಿಲ್ಲಿಸಲಾಗದೆ ಹೋಗುವ ಭಯವಿರಲಿ. ಪಾಪದಂಡನೆಯ ರಿಯಾಯಿತಿಗೆ ಹಣ ಪಡೆಯುವ ಪದ್ಧತಿಯನ್ನು 1517ರಲ್ಲಿ ಲೂಥರನು ಖಂಡಿಸಿದನು. 1567ರಲ್ಲಿ ಐದನೆಯ ಪಯಸ್ ಪೋಪರೇ ಅದನ್ನು ರದ್ದುಪಡಿಸಿದರು. ಚರ್ಚು ತಾನೇ ಮುಚ್ಚಿದ ಅಂಗಡಿಯನ್ನು ಆಟವು ತೆರೆದೇ ಇಟ್ಟಿದೆ.

ಇಷ್ಟು ಹೇಳಿದ ಮೇಲೆ ನಿಷ್ಠುರವಾದ ಮಾತೊಂದು ಉಳಿದಿದೆ; ಅದು ಆಟದವರಿಗಲ್ಲ, ಬಸದಿಗಳ ಆಡಳಿತಕ್ಕೆ. ಹೊನ್ನು ಕಳಿಸಿದರೆ ಗುರುಗಳು ಸರಿಹೋಗುತ್ತಾರೆಂದು ಹುಡುಗನು ಹೇಳಿದಾಗ ಅಜ್ಜನಿಗೆ ನೋವಾಗುತ್ತದೆ. ಆದರೆ ಅದೇ ಹುಡುಗನು ಪಂಚಕಲ್ಯಾಣ ಮಹೋತ್ಸವಕ್ಕೆ ಹೋದಾಗ ಏನನ್ನು ಕಾಣುತ್ತಾನೆ? ಮೊದಲ ಕಲಶಕ್ಕೆ ಸವಾಲು ಕೂಗುವುದನ್ನು, ಸೌಧರ್ಮೇಂದ್ರನ ಪಾತ್ರವು ಹೆಚ್ಚು ಹಣ ಹೇಳಿದವನ ಪಾಲಾಗುವುದನ್ನು, ಕೊಟ್ಟ ಮೊತ್ತಕ್ಕೆ ತಕ್ಕಂತೆ ಅಮೃತಶಿಲೆಯ ಫಲಕದಲ್ಲಿ ಹೆಸರಿನ ಅಕ್ಷರ ದೊಡ್ಡದಾಗುವುದನ್ನು ಕಾಣುತ್ತಾನೆ. ಭಕ್ತಿಯನ್ನು ಅಂಕವಾಗಿ ಎಣಿಸಿ ವೆಚ್ಚಮಾಡಬಹುದೆಂಬ ಪಾಠವು ಅವನಿಗೆ ಗಣಕಯಂತ್ರದಿಂದಲೇ ಮೊದಲು ಬಂತೆಂದು ಪ್ರಮಾಣ ಮಾಡಬಲ್ಲ ವಿಶ್ವಸ್ಥರು ಎಷ್ಟು ಮಂದಿ?

ಬಸದಿಗೆ ಹಣ ಬೇಡವೆಂದಲ್ಲ. ಮಲೆನಾಡಿನ ಮಳೆಗೆ ಹಂಚು ಒಡೆಯುತ್ತದೆ, ಗೋಡೆ ಪಾಚಿಗಟ್ಟುತ್ತದೆ. ಅರ್ಚಕನ ಮನೆಯಲ್ಲೂ ಒಲೆ ಉರಿಯಬೇಕು. ವೀರಪಾಂಡ್ಯನ ಹಣವಿಲ್ಲದೆ ಕಾರ್ಕಳದ ಬೆಟ್ಟದ ಮೇಲೆ ಬಾಹುಬಲಿ ನಿಲ್ಲುತ್ತಿರಲಿಲ್ಲ. ಆದರೆ ತತ್ತ್ವಾರ್ಥಸೂತ್ರವು ದಾನವನ್ನು ವಿವರಿಸುವಾಗ ತನ್ನದನ್ನು ಬಿಟ್ಟುಕೊಡುವುದನ್ನೇ ಮುಂದಿಡುತ್ತದೆ. ಬಿಟ್ಟುಕೊಡುವುದು ದಾನ, ಕೊಟ್ಟು ಮಾನವನ್ನು ಕೊಳ್ಳುವುದು ಕ್ರಯ. ಸವಾಲಿನ ಸಭೆಯಲ್ಲಿ ಸೋತ ಬಡ ಶ್ರಾವಕನ ಕಣ್ಣಿನಲ್ಲಿ ಈ ವ್ಯತ್ಯಾಸವು ಯಾವ ಶಾಸ್ತ್ರಕ್ಕಿಂತಲೂ ಸ್ಪಷ್ಟವಾಗಿ ಬರೆದಿರುತ್ತದೆ.

ಮಾಡಬೇಕಾದ ಕೆಲಸಗಳು ಕಠಿಣವಲ್ಲ. ತಂದೆತಾಯಿಗಳು ಯಂತ್ರವನ್ನು ಕಸಿದುಕೊಳ್ಳುವ ಬದಲು ಮಗುವಿನ ಪಕ್ಕದಲ್ಲಿ ಕುಳಿತು, ಬಹಿಷ್ಕಾರ ಬಿದ್ದ ಊರಿನ ರೈತನಿಗೆ ಏನಾಯಿತೆಂದು ಒಂದು ಪ್ರಶ್ನೆ ಕೇಳಲಿ. ಮಳೆ ನಿಂತ ಮೇಲೆ ಅವನನ್ನು ಅಂಗಡಿಯ ಬಸದಿಗಳಿಗೆ, ಕಳಸಕ್ಕೆ, ಕಾರ್ಕಳಕ್ಕೆ ಕರೆದೊಯ್ಯಲಿ. ಬಸದಿಗಳ ವಿಶ್ವಸ್ಥ ಮಂಡಳಿಗಳು ತಮ್ಮಲ್ಲಿರುವ ಶಾಸನಗಳ ತಾತ್ಪರ್ಯವನ್ನು ಓದಲು ಬರುವಂಥ ಕನ್ನಡದಲ್ಲಿ ಬರೆಯಿಸಿ ಬಾಗಿಲ ಬಳಿ ಇಡಲಿ. ಅಭಿಷೇಕದ ಮೊದಲ ಕಲಶವನ್ನು ಒಂದು ವರ್ಷವಾದರೂ ಸವಾಲಿಲ್ಲದೆ, ಊರಿನ ಹಿರಿಯ ವ್ರತಿಕನಿಗೋ ತೋಟದಲ್ಲಿ ದುಡಿಯುವ ಶ್ರಾವಕನಿಗೋ ಕೊಟ್ಟು ನೋಡಲಿ. ದಾನಿಗಳ ಹೆಸರನ್ನು ಮೊತ್ತವಿಲ್ಲದೆ ಅಕಾರಾದಿಯಾಗಿ ಬರೆಯಿಸಲಿ.

ಅಂಗಡಿಯಲ್ಲಿ ಶಾಂತಿದೇವರಿಗೆ ಕಲ್ಲು ನಿಲ್ಲಿಸಿದ ಊರವರು ಆ ಗುರುವಿಗೆ ಕೊಟ್ಟದ್ದೇನು, ಅವರಿಂದ ಪಡೆದದ್ದೇನು? ಕೊಟ್ಟದ್ದು ದಿನಕ್ಕೊಮ್ಮೆ ಕೈಯಲ್ಲಿ ಉಣ್ಣುವ ಆಹಾರ. ಪಡೆದದ್ದು ಬದುಕುವ ಮತ್ತು ಸಾಯುವ ರೀತಿಯ ಪಾಠ. ಆ ವ್ಯವಹಾರದಲ್ಲಿ ನಾಣ್ಯವು ಎಲ್ಲಿಯೂ ಕೈ ಬದಲಾಗಲಿಲ್ಲ. ಮಲ್ಲಂದೂರಿನ ಹುಡುಗನಿಗೆ ಈ ಸಂಗತಿಯನ್ನು ಆಟ ಕಲಿಸದಿದ್ದರೆ ಅದು ಆಟದ ಕೊರತೆ. ಬಸದಿಯೂ ಕಲಿಸದಿದ್ದರೆ ಅದು ಸಮಾಜದ ಅಪರಾಧ.